ಘಟ್ಟ ಇಳಿಯದ ಬಸವನಹುಳು

ಮಳೆಗಾಲದಲ್ಲಿ ಕತ್ತಲಾದ ಮೇಲೆ ಟಾರ್ಚು ಮತ್ತು ಬಕೆಟ್ಟು ಹಿಡಿದು ತೋಟಕ್ಕಿಳಿಯುವುದು ಕಾಸರಗೋಡಿನ ಹಲವು ಮನೆಗಳಲ್ಲಿ ಈಗ ಹೊಸ ವಿಷಯವಲ್ಲ. ಬಾಳೆಯ ದಿಂಡಿಗೆ, ಪಪ್ಪಾಯಿಯ ಕಾಂಡಕ್ಕೆ, ಬಾವಿಕಟ್ಟೆಗೆ ಅಂಟಿಕೊಂಡ ದೊಡ್ಡ ಬಸವನಹುಳುಗಳನ್ನು ಹೆಕ್ಕಿ ಉಪ್ಪುನೀರಿಗೆ ಹಾಕುವುದು ಅನೇಕರಿಗೆ ಸಂಜೆಯ ಕೆಲಸಗಳಲ್ಲಿ ಒಂದಾಗಿದೆ. ಕನ್ನಡ ಪತ್ರಿಕೆಗಳು ಅದನ್ನು ಆಫ್ರಿಕನ್ ಬಸವನಹುಳು ಎನ್ನುತ್ತವೆ, ಮಲಯಾಳದಲ್ಲಿ ಅದು ಆಫ್ರಿಕನ್ ಒಚ್ಚ್. ಕಳೆದ ಆಟಿ ತಿಂಗಳಲ್ಲಿ ಹೀಗೆ ಹೆಕ್ಕುತ್ತಿದ್ದಾಗ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಯ ಹತ್ತಿರ ಒದ್ದೆ ಮುರಕಲ್ಲಿನ ಮೇಲೆ ಕಂದುಬಣ್ಣದ ಇನ್ನೊಂದು ಹುಳು ಸಿಕ್ಕಿತು. ಮುಟ್ಟಿದ ಕೂಡಲೇ ಅದು ಒಳಗೆ ಸರಿದು, ಬಾಯಿಗೆ ಸರಿಯಾಗಿ ಹೊಂದುವ ದುಂಡಗಿನ ಮುಚ್ಚಳವೊಂದನ್ನು ಎಳೆದುಕೊಂಡಿತು. ಅದನ್ನು ಬಕೆಟ್ಟಿಗೆ ಹಾಕಬೇಡಿ ಎಂದು ನಾನು ತಡೆದಾಗ ನೆರೆಮನೆಯ ಮಾವ ಕೇಳಿದ ಪ್ರಶ್ನೆ ಇದು: “ಜಾತಿ ನೋಡಿ ಉಪ್ಪು ಹಾಕುವುದುಂಟಾ ಮಾರಾಯ?”

ಉಂಟು, ಮತ್ತು ನೋಡಲೇಬೇಕು. ಆದರೆ ಯಾಕೆ ನೋಡಬೇಕು ಎಂಬುದನ್ನು ವಿವರಿಸುವುದಕ್ಕೆ ನಮ್ಮ ತೋಟದ ಹುಳುವಿಗಿಂತ ಘಟ್ಟದ ಮೇಲಿನ ಒಂದು ಹುಳು ಹೆಚ್ಚು ಅನುಕೂಲವಾಗಿದೆ. ನಮ್ಮ ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಆ ಬೆಟ್ಟಸಾಲನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ ವಯನಾಡು, ಅದರಾಚೆ ನೀಲಗಿರಿ, ಪಾಲಕ್ಕಾಡಿನ ಕಣಿವೆ ದಾಟಿದರೆ ಆನೆಮಲೆ. ಈ ತೇವದ ಕಾಡುಗಳಲ್ಲಿ ಇಂಡ್ರೆಲ್ಲಾ ಎಂಬ ಬಸವನಹುಳುವಿದೆ. ಪಶ್ಚಿಮಘಟ್ಟವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಅದು ಇಲ್ಲ. ವಯನಾಡಿನ ಕಾಡಂಚಿನಲ್ಲಿ ಮಳೆ ನಿಂತ ಒಂದು ಬೆಳಗ್ಗೆ ಅದನ್ನು ಮೊದಲ ಸಲ ನೋಡಿದಾಗ ನನಗೆ ಹುಳು ಎಂದೇ ಅನ್ನಿಸಲಿಲ್ಲ. ಪಾಚಿ ಹಿಡಿದ ಕಾಂಡದ ಮೇಲೆ ಯಾರೋ ಕುಂಕುಮ ಕಲಸಿದ ಕೈಯನ್ನು ಒರಸಿ ಹೋದ ಹಾಗೆ ಕೆಂಪಗೆ ಏನೋ ಉದ್ದಕ್ಕೆ ಹರಡಿಕೊಂಡಿತ್ತು. ಹತ್ತಿರ ಹೋದ ಮೇಲೆ ಅದರ ಬೆನ್ನಿನ ಮೇಲೆ ಲಿಂಬೆಹಣ್ಣಿನಂತೆ ಉಬ್ಬಿದ, ಹಸುರು ಮಿಶ್ರಿತ ಕಂದುಬಣ್ಣದ ಚಿಪ್ಪು ಕಾಣಿಸಿತು, ಎರಡು ಕೊಂಬುಗಳು ನಿಧಾನವಾಗಿ ನನ್ನ ಕಡೆಗೆ ತಿರುಗಿದವು.

ಇಂಡ್ರೆಲ್ಲಾ ಎಂಬುದು ಕುಲದ ಹೆಸರು, ಆಂಪುಲ್ಲಾ ಎಂಬುದು ಅದರ ಪ್ರಭೇದದ ಹೆಸರು. ಕುಲ ಮತ್ತು ಪ್ರಭೇದ ಎಂಬ ಈ ಎರಡು ಹಂತಗಳನ್ನು ಅಡಿಕೆ ಕೃಷಿಕರಿಗೆ ವಿವರಿಸುವುದು ಕಷ್ಟವಲ್ಲ. ಒಂದೇ ಅಡಿಕೆ ತೋಟದಲ್ಲಿ ಒಂದು ಮರಕ್ಕೆ ಕಾಳುಮೆಣಸಿನ ಬಳ್ಳಿಯನ್ನೂ ಪಕ್ಕದ ಮರಕ್ಕೆ ವೀಳ್ಯದೆಲೆಯ ಬಳ್ಳಿಯನ್ನೂ ಹಬ್ಬಿಸುತ್ತೇವೆ. ಎರಡರ ಎಲೆ, ಗಂಟು, ಬೇರು ಬಿಡುವ ರೀತಿ ಒಂದೇ ತರಹ ಇರುವುದಕ್ಕೆ ಕಾರಣವಿದೆ: ಎರಡೂ ಪೈಪರ್ ಎಂಬ ಒಂದೇ ಕುಲಕ್ಕೆ ಸೇರಿದವು, ಹಿಪ್ಪಲಿಯೂ ಅದೇ ಕುಲದ್ದು. ಆದರೂ ಕಾಳುಮೆಣಸು ಕಾಳುಮೆಣಸೇ, ವೀಳ್ಯದೆಲೆ ವೀಳ್ಯದೆಲೆಯೇ, ಅವು ಬೇರೆ ಬೇರೆ ಪ್ರಭೇದಗಳು. ಹೀಗೆ ಹತ್ತಿರದ ನೆಂಟರನ್ನೆಲ್ಲ ಒಂದು ಛಾವಣಿಯಡಿ ಕೂಡಿಸುವ ಹೆಸರೇ ಕುಲ. ಇಂಡ್ರೆಲ್ಲಾದ ವಿಶೇಷವೆಂದರೆ ಆ ಛಾವಣಿಯಡಿ ಇರುವುದು ಒಬ್ಬನೇ. ಆಂಪುಲ್ಲಾ ಬಿಟ್ಟರೆ ಈ ಕುಲಕ್ಕೆ ಬೇರೆ ಪ್ರಭೇದವಿಲ್ಲ. ನೀಲಗಿರಿ, ವಯನಾಡು, ಆನೆಮಲೆಯ ಕಾಡುಗಳಿಂದ ಇದೊಂದು ಹುಳು ಹೋದರೆ ಹೋಗುವುದು ಒಂದು ಪ್ರಭೇದ ಮಾತ್ರವಲ್ಲ, ಒಂದು ಇಡೀ ಕುಲ.

ಆಂಪುಲ್ಲಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಉಬ್ಬುಹೊಟ್ಟೆಯ ಕುಪ್ಪಿ. ಚಿಪ್ಪಿನ ಕೊನೆಯ ಸುತ್ತು ಉಳಿದ ಸುತ್ತುಗಳನ್ನೆಲ್ಲ ನುಂಗಿದ ಹಾಗೆ ದೊಡ್ಡದಾಗಿರುವುದರಿಂದ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಈ ಹೆಸರು ಕೊಟ್ಟವನು ವಿಲಿಯಂ ಹೆನ್ರಿ ಬೆನ್ಸನ್. ಬಂಗಾಳದಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿದ್ದ ಈತನಿಗೆ ಚಿಪ್ಪು ಸಂಗ್ರಹದ ಗೀಳು. 1850ರಲ್ಲಿ ಆತ ಈ ಹುಳುವನ್ನು ಹೀಲಿಕ್ಸ್ ಆಂಪುಲ್ಲಾ ಎಂದು ವರ್ಣಿಸಿದ. ಆ ಕಾಲದಲ್ಲಿ ಹೀಲಿಕ್ಸ್ ಎಂಬುದು ದುಂಡಗಿನ ಚಿಪ್ಪಿನ ಯಾವ ನೆಲದ ಹುಳುವನ್ನಾದರೂ ಹಾಕಿಡುವ ದೊಡ್ಡ ಪೆಟ್ಟಿಗೆಯಂತಿತ್ತು.

ಆ ಪೆಟ್ಟಿಗೆಯಿಂದ ಅದನ್ನು ಹೊರಗೆ ತೆಗೆದು ಇಂಡ್ರೆಲ್ಲಾ ಎಂಬ ಪ್ರತ್ಯೇಕ ಕುಲ ಮಾಡಿದ್ದು ಹೆನ್ರಿ ಹ್ಯಾವರ್‌ಶಾಮ್ ಗಾಡ್ವಿನ್-ಆಸ್ಟೆನ್, 1901ರಲ್ಲಿ. ಈ ಹೆಸರನ್ನು ಪರ್ವತಗಳ ಪ್ರಸ್ತಾಪದಲ್ಲಿ ಕೇಳಿದವರಿರಬಹುದು. ಕಾರಕೋರಂ ಪ್ರದೇಶವನ್ನು ಸರ್ವೆ ಮಾಡಿದ ಅಧಿಕಾರಿ ಈತನೇ. ಜಗತ್ತಿನ ಎರಡನೆಯ ಅತ್ಯುನ್ನತ ಶಿಖರವಾದ ಕೆ2ವನ್ನು ಬಹುಕಾಲ ನಕ್ಷೆಗಳಲ್ಲಿ ಈತನ ಹೆಸರಿನಿಂದಲೂ ಗುರುತಿಸುತ್ತಿದ್ದರು, ಅದರ ಬುಡದ ಹಿಮನದಿಗೆ ಇಂದಿಗೂ ಈತನದೇ ಹೆಸರಿದೆ. ಅಂಥ ಮನುಷ್ಯ ಸರ್ವೆಯ ಕೆಲಸ ಮುಗಿದ ಮೇಲೆ ದಶಕಗಳ ಕಾಲ ಮೇಜಿನ ಮುಂದೆ ಕೂತು ಬಸವನಹುಳುಗಳ ಕರುಳು, ನಾಲಗೆ, ಜನನಾಂಗಗಳನ್ನು ಬಿಡಿಸಿ ಚಿತ್ರ ಬರೆಯುತ್ತಿದ್ದ ಎಂಬುದು ನನಗೆ ಶಿಖರಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಬೆನ್ಸನ್ ನೋಡಿದ್ದು ಚಿಪ್ಪನ್ನು, ಗಾಡ್ವಿನ್-ಆಸ್ಟೆನ್ ನೋಡಿದ್ದು ಒಳಗಿನ ಜೀವವನ್ನು. ಚಿಪ್ಪು ಮೋಸ ಮಾಡುತ್ತದೆ, ಯಾಕೆಂದರೆ ಒಂದೇ ತರಹದ ಪರಿಸರದಲ್ಲಿ ಬೆಳೆದ, ಪರಸ್ಪರ ಸಂಬಂಧವೇ ಇಲ್ಲದ ಎರಡು ಹುಳುಗಳ ಚಿಪ್ಪು ಒಂದೇ ಅಚ್ಚಿನಂತೆ ಕಾಣಬಹುದು. ಒಳಗಿನ ಅಂಗಗಳು ಅಷ್ಟು ಸುಲಭವಾಗಿ ಹಾಗಾಗುವುದಿಲ್ಲ. ಆದ್ದರಿಂದಲೇ ನೆಲದ ಬಸವನಹುಳುಗಳ ಕುಲ ನಿರ್ಣಯಕ್ಕೆ ಇಂದಿಗೂ ಅಂಗರಚನೆಯನ್ನು ನೋಡುತ್ತಾರೆ, ಈಚೆಗೆ ಅದರ ಜೊತೆಗೆ ಡಿಎನ್‌ಎಯನ್ನೂ ನೋಡುತ್ತಾರೆ.

ಇಂಡ್ರೆಲ್ಲಾ ಸೇರಿರುವ ಕುಟುಂಬದ ಹೆಸರು ಅರಿಯೋಫ್ಯಾಂಟಿಡೇ. ಆ ಕುಟುಂಬಕ್ಕೆ ಹೆಸರು ಕೊಟ್ಟ ಅರಿಯೋಫ್ಯಾಂಟಾ ಎಂಬ ಕುಲವೂ ಪಶ್ಚಿಮಘಟ್ಟದ ಸುತ್ತಿನದೇ, ಮತ್ತು ಅದರಲ್ಲಿ ಚಿಪ್ಪು ಎಡಕ್ಕೆ ಸುತ್ತಿರುವ ಹುಳುಗಳಿವೆ. ಬಸವನಹುಳುಗಳಲ್ಲಿ ಬಹುಪಾಲು ಬಲಕ್ಕೆ ಸುತ್ತಿದವು, ಇಂಡ್ರೆಲ್ಲಾವೂ ಹಾಗೆಯೇ. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡುವುದು ಒಳ್ಳೆಯದು. ವಿಜ್ಞಾನಿಗಳು ಚಿಪ್ಪಿನ ತುದಿಯನ್ನು ಮೇಲಕ್ಕೆ, ಬಾಯಿಯನ್ನು ತಮ್ಮ ಕಡೆಗೆ ಹಿಡಿದು ನೋಡುತ್ತಾರೆ, ಬಾಯಿ ಬಲಕ್ಕೆ ಬಂದರೆ ಅದು ಬಲಸುತ್ತು. ನಮ್ಮ ದೇವರಕೋಣೆಯ ಸಂಪ್ರದಾಯದಲ್ಲಿ ಶಂಖವನ್ನು ಹಿಡಿಯುವುದು ತಲೆಕೆಳಗಾಗಿ. ಹಾಗಾಗಿ ನಾವು ಅಪರೂಪವೆಂದು ಪೂಜಿಸುವ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಸುತ್ತಿನದು ಎನ್ನುತ್ತಾರೆ. ಅಪರೂಪವೆಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಬಸವನಹುಳು ಬೆಟ್ಟದಲ್ಲಿಯೇ ಯಾಕೆ ಉಳಿಯುತ್ತದೆ, ಕೆಳಗೆ ಯಾಕೆ ಇಳಿಯುವುದಿಲ್ಲ? ಉತ್ತರದಲ್ಲಿ ಎರಡು ವಸ್ತುಗಳಿವೆ, ಸುಣ್ಣ ಮತ್ತು ನೀರು.

ಸುಣ್ಣದ ವಿಷಯ ಕಾಸರಗೋಡಿನವರಿಗೆ ಹೊಸದಲ್ಲ. ಕರಾವಳಿಯಲ್ಲಿ ಮರುವಾಯಿಯ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನೇ ನಮ್ಮ ಹಿರಿಯರು ಗೋಡೆಗೆ ಬಳಿದರು, ವೀಳ್ಯದೆಲೆಗೆ ಸವರಿದರು. ಬಸವನಹುಳುವಿನ ಚಿಪ್ಪೂ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲೆ ತೆಳುವಾದ ಒಂದು ಸಾವಯವ ಪೊರೆ ಇರುತ್ತದೆ, ಚಿಪ್ಪಿನ ಹೊಳಪು ಮತ್ತು ಬಣ್ಣದ ಬಹುಭಾಗ ಆ ಪೊರೆಯದು. ಹುಳು ಈ ಕ್ಯಾಲ್ಸಿಯಂ ಅನ್ನು ತಾನಾಗಿ ತಯಾರಿಸಲಾರದು. ಮಣ್ಣಿನಿಂದ, ಕೊಳೆತ ಎಲೆಯಿಂದ, ಸತ್ತ ಹುಳುಗಳ ಹಳೆಯ ಚಿಪ್ಪಿನಿಂದ ಕೆರೆದು ತಿಂದು ಸಂಪಾದಿಸಬೇಕು. ಸುಣ್ಣ ಬಳಿದ ಗೋಡೆಗೆ ಮಳೆಗಾಲದಲ್ಲಿ ಬಸವನಹುಳುಗಳು ಹತ್ತುವುದನ್ನು ನೀವು ನೋಡಿರಬಹುದು. ಗೋಡೆಯ ಮೇಲೆ ಬೆಳಗ್ಗೆ ಕಾಣುವ ಅಂಕುಡೊಂಕಾದ ಗೀರುಗಳು ಅವು ನಾಲಗೆಯಿಂದ ಕೆರೆದ ಗುರುತು. ಆ ನಾಲಗೆ ಸಾವಿರಾರು ಸೂಕ್ಷ್ಮ ಹಲ್ಲುಗಳಿರುವ ಅರದ ಹಾಗಿದೆ.

ಆದರೆ ನಮ್ಮ ಮಣ್ಣಿನಲ್ಲಿ ಸುಣ್ಣ ಎಲ್ಲಿದೆ? ಮುರಕಲ್ಲಿನ ನಾಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಕರಗುವ ಕ್ಯಾಲ್ಸಿಯಂ ಎಲ್ಲ ತೊಳೆದು ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿರುವುದರಿಂದಲೇ ನಮ್ಮ ಮಣ್ಣು ಕೆಂಪಗೂ ಹುಳಿಯಾಗಿಯೂ ಇದೆ. ಅಡಿಕೆ ತೋಟಕ್ಕೆ ಆಗಾಗ ಸುಣ್ಣ ಹಾಕಿರೆಂದು ಕೃಷಿ ಇಲಾಖೆಯವರು ಹೇಳುವುದು ಇದೇ ಕಾರಣಕ್ಕೆ. ಘಟ್ಟದ ಮೇಲೂ ಪರಿಸ್ಥಿತಿ ಹೆಚ್ಚು ಬೇರೆಯಲ್ಲ: ಮಳೆ ವಿಪರೀತ, ಮಣ್ಣು ಹುಳಿ, ಸುಣ್ಣಕಲ್ಲು ವಿರಳ. ಇಂಥ ಕಡೆ ದಪ್ಪ ಚಿಪ್ಪು ಕಟ್ಟುವುದು ಬಡವನ ಮನೆಗೆ ಅಮೃತಶಿಲೆ ಹಾಸಿದ ಹಾಗೆ. ಇಂಡ್ರೆಲ್ಲಾದ ಚಿಪ್ಪು ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ತೆಳು. ಬಿದ್ದು ಸಿಕ್ಕಿದ ಒಂದು ಖಾಲಿ ಚಿಪ್ಪನ್ನು ನಾನು ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಅದರ ಮೂಲಕ ಕಂಡಿತು. ಎರಡು ಬೆರಳ ನಡುವೆ ಸ್ವಲ್ಪ ಒತ್ತಿದ್ದಕ್ಕೆ ಹಪ್ಪಳದ ಹಾಗೆ ಚಟ್ಟೆಂದಿತು, ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿದೆ. ತೆಳುತನಕ್ಕೆ ಸುಣ್ಣದ ಕೊರತೆಯೊಂದೇ ಕಾರಣ ಎಂದು ಹೇಳಿದರೆ ತಪ್ಪಾದೀತು. ತೇವ ಖಾಯಂ ಆಗಿರುವ ಕಡೆ ದಪ್ಪ ಚಿಪ್ಪಿನ ಅಗತ್ಯವೂ ಅಷ್ಟಿಲ್ಲ. ಆದರೆ ಎರಡು ಕಾರಣಗಳೂ ಒಂದೇ ದಿಕ್ಕಿಗೆ ತಳ್ಳುತ್ತವೆ.

ಈ ದಾರಿಯಲ್ಲಿ ಇನ್ನೂ ಮುಂದೆ ಹೋದ ನೆಂಟರೂ ಇದ್ದಾರೆ. ನಮ್ಮ ಕರಾವಳಿಯ ಮನೆಗಳ ಬಚ್ಚಲಿನ ಸುತ್ತ, ಹೂವಿನ ಕುಂಡಗಳಡಿ ಮಳೆಗಾಲದಲ್ಲಿ ಕಾಣುವ ಮಾರಿಯೆಲ್ಲಾ ಎಂಬ ಹುಳುವಿಗೆ ಚಿಪ್ಪೇ ಇಲ್ಲವೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಬೆನ್ನಿನ ಚರ್ಮದ ಅಡಿ ಅದಕ್ಕೊಂದು ಸಣ್ಣ ಚಪ್ಪಟೆ ತಗಡಿನಂಥ ಚಿಪ್ಪು ಉಳಿದುಕೊಂಡಿದೆ. ಪೂರ್ತಿ ಚಿಪ್ಪಿನ ಹುಳುವನ್ನು ಒಂದು ತುದಿಯಲ್ಲಿ, ಮಾರಿಯೆಲ್ಲಾವನ್ನು ಇನ್ನೊಂದು ತುದಿಯಲ್ಲಿ ಇಟ್ಟರೆ, ತೆಳು ಚಿಪ್ಪಿನ, ದೊಡ್ಡ ಮೈಯ ಇಂಡ್ರೆಲ್ಲಾ ನಡುವೆ ಎಲ್ಲೋ ನಿಲ್ಲುತ್ತದೆ.

ಬಸವನಹುಳುವಿನ ಸುಣ್ಣ ಕಾಡಿನ ಲೆಕ್ಕದಲ್ಲಿ ಎಷ್ಟು ಬೆಲೆಯದು ಎಂಬುದಕ್ಕೆ ನೆದರ್ಲೆಂಡ್ಸಿನಿಂದ ಒಂದು ಸಾಕ್ಷ್ಯವಿದೆ. ಅಲ್ಲಿನ ಕೆಲವು ಕಾಡುಗಳಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೊಟ್ಟೆಯ ಸಿಪ್ಪೆ ತೆಳುವಾಗಿ, ರಂಧ್ರಮಯವಾಗಿ, ಮರಿಗಳಾಗದೆ ಹಾಳಾಗುತ್ತಿದ್ದವು. ಕಾರಣ ಹುಡುಕಿದವರು 1994ರಲ್ಲಿ ಪ್ರಕಟಿಸಿದ ಉತ್ತರ ಹೀಗಿದೆ: ಆಮ್ಲಮಳೆಯಿಂದ ಮಣ್ಣಿನ ಕ್ಯಾಲ್ಸಿಯಂ ಇಳಿಯಿತು, ಅದರಿಂದ ಬಸವನಹುಳುಗಳು ಕಡಿಮೆಯಾದವು, ಮೊಟ್ಟೆಯ ಸಿಪ್ಪೆಗೆ ಬೇಕಾದ ಕ್ಯಾಲ್ಸಿಯಂಗಾಗಿ ಆ ಚಿಪ್ಪುಗಳನ್ನೇ ನೆಚ್ಚಿಕೊಂಡಿದ್ದ ಹಕ್ಕಿಗಳಿಗೆ ಅದು ಸಿಗದಾಯಿತು. ಮಣ್ಣಿನಿಂದ ಕಣಕಣವಾಗಿ ಸುಣ್ಣ ಹೆಕ್ಕಿ ಹಕ್ಕಿಯ ಮೊಟ್ಟೆಯವರೆಗೆ ತಲಪಿಸುವ ಕೆಲಸ ಬಸವನಹುಳುವಿನದು, ಅದಕ್ಕೆ ಬದಲಿ ಕೆಲಸಗಾರರು ಕಾಡಿನಲ್ಲಿ ಹೆಚ್ಚು ಇಲ್ಲ.

ಎರಡನೆಯದು ನೀರು. ಬಸವನಹುಳುವಿನ ಮೈಯ ಬಹುಪಾಲು ನೀರೇ, ಚರ್ಮ ಅದನ್ನು ಹಿಡಿದಿಡಲಾರದು. ತೆವಳುವುದೆಂದರೆ ಅದಕ್ಕೆ ನೀರು ಖರ್ಚು ಮಾಡುವುದು. ಪಾದದ ಮುಂಭಾಗದ ಗ್ರಂಥಿಯಿಂದ ಲೋಳೆ ಸುರಿಸಿ, ಆ ಲೋಳೆಯ ಹಾಸಿನ ಮೇಲೆ ಸ್ನಾಯುಗಳನ್ನು ಅಲೆಅಲೆಯಾಗಿ ಕುಗ್ಗಿಸಿ ಹಿಗ್ಗಿಸಿ ಮುಂದೆ ಸಾಗುತ್ತದೆ. ಇದನ್ನು ನೋಡಬೇಕಿದ್ದರೆ ಕಿಟಕಿಯ ಗಾಜಿಗೆ ಹತ್ತಿದ ಹುಳುವನ್ನು ಒಳಗಿನಿಂದ ನೋಡಿ. ಪಾದದ ಅಡಿಯಲ್ಲಿ ಸಣ್ಣ ಕಪ್ಪು ಪಟ್ಟಿಗಳು ಒಂದರ ಹಿಂದೆ ಒಂದು ಬಾಲದಿಂದ ತಲೆಯ ಕಡೆಗೆ ಹರಿಯುತ್ತಿರುತ್ತವೆ, ಹುಳು ಮಾತ್ರ ಅಲ್ಲಾಡಿದ ಹಾಗೆಯೇ ಕಾಣುವುದಿಲ್ಲ. ಉಸಿರಾಡುವುದಕ್ಕೆ ಮೈಯ ಬಲಬದಿಯಲ್ಲಿ ಒಂದು ರಂಧ್ರವಿದೆ. ಅದು ತೆರೆದಾಗಲೆಲ್ಲ ಒಳಗಿನ ತೇವವೂ ಹೊರಗೆ ಹೋಗುತ್ತದೆ. ಹೀಗೆ ನಾಲ್ಕೂ ಕಡೆಯಿಂದ ಸೋರುವ ಪ್ರಾಣಿ ನೆಲದ ಮೇಲೆ ಬದುಕಬೇಕಾದರೆ ಏನಾದರೊಂದು ಉಪಾಯ ಬೇಕು.

ಉಪಾಯಗಳು ಬೇರೆಬೇರೆ. ನಮ್ಮ ಸುರಂಗದ ಬಾಯಿಯ ಹುಳುವಿನದು ಮುಚ್ಚಳದ ಉಪಾಯ. ಪಾದದ ಹಿಂಭಾಗಕ್ಕೆ ಅಂಟಿಕೊಂಡಿರುವ ಆ ಮುಚ್ಚಳವನ್ನು ಅದು ಹುಟ್ಟಿನಿಂದಲೇ ಹೊತ್ತುಕೊಂಡು ತಿರುಗುತ್ತದೆ, ಒಣಹವೆ ಬಂದರೆ ಬಾಗಿಲು ಹಾಕಿಕೊಂಡು ಕೂರುತ್ತದೆ. ಆಫ್ರಿಕನ್ ಹುಳುವಿಗೆ ಮುಚ್ಚಳವಿಲ್ಲ. ಆದರೆ ಬೇಸಿಗೆ ಬಂತೆಂದರೆ ಮಣ್ಣಿನಡಿ ಅಥವಾ ಕಲ್ಲಿನ ಸಂದಿಯಲ್ಲಿ ಸೇರಿಕೊಂಡು, ಚಿಪ್ಪಿನ ಬಾಯಿಗೆ ಒಣಗಿದ ಲೋಳೆಯ ಗಟ್ಟಿ ಪರದೆ ಕಟ್ಟಿ ತಿಂಗಳುಗಟ್ಟಲೆ ಮಲಗುತ್ತದೆ. ದಪ್ಪ ಚಿಪ್ಪು ಅದಕ್ಕೆ ಹೂಜಿಯಿದ್ದ ಹಾಗೆ. ಇಂಡ್ರೆಲ್ಲಾದ ಹತ್ತಿರ ಮುಚ್ಚಳವೂ ಇಲ್ಲ, ದಪ್ಪ ಹೂಜಿಯೂ ಇಲ್ಲ. ಅದರ ಉಪಾಯವೆಂದರೆ ಒಣಗದ ಜಾಗದಲ್ಲಿ ಇರುವುದು, ಅಷ್ಟೆ. ಮೋಡ ಕಾಡಿನೊಳಗೇ ನುಗ್ಗಿ ನಿಲ್ಲುವ ಬೆಟ್ಟ, ಸೂರ್ಯನ ಬಿಸಿಲು ನೆಲ ಮುಟ್ಟದ ಮರಗಳ ದಟ್ಟಣೆ, ಮೊಣಗಂಟಿನವರೆಗೆ ಹೂತುಹೋಗುವ ತರಗೆಲೆ: ಇವು ಇರುವಷ್ಟು ಕಾಲ ಅದಕ್ಕೆ ಚಿಪ್ಪು ಟೊಪ್ಪಿಯಷ್ಟೇ ಸಾಕು.

ಬೆಟ್ಟ ಇಳಿಯದಿರುವ ಗುಟ್ಟು ಇಲ್ಲಿದೆ. ಹುಳು ನಿಧಾನ, ಆದ್ದರಿಂದ ದೂರ ಹೋಗಲಿಲ್ಲ ಎಂದು ಹೇಳಿಬಿಡುವುದು ಸುಲಭ, ಆದರೆ ಆ ವಿವರಣೆ ನಿಲ್ಲುವುದಿಲ್ಲ. ಪಾಲಕ್ಕಾಡಿನ ಕಣಿವೆ ಅಗಲದಲ್ಲಿ ಮೂವತ್ತು ನಲವತ್ತು ಕಿಲೋಮೀಟರು. ದಿನಕ್ಕೆ ಒಂದೇ ಮಾರು ಹೋದರೂ ಹತ್ತಾರು ತಲೆಮಾರು ಸೇರಿ ಅದನ್ನು ದಾಟಲು ಭೂಮಿಯ ಲೆಕ್ಕದಲ್ಲಿ ಹೆಚ್ಚು ಕಾಲ ಬೇಡ. ತಡೆಯುವುದು ದೂರವಲ್ಲ, ಒಣಹವೆ. ಬೇಸಿಗೆಯ ಬಯಲು ಇಂಥ ಹುಳುವಿಗೆ ಸಮುದ್ರವಿದ್ದ ಹಾಗೆ, ಬೆಟ್ಟದ ನೆತ್ತಿ ದ್ವೀಪವಿದ್ದ ಹಾಗೆ. ಇಂಡ್ರೆಲ್ಲಾ ಕಣಿವೆಯ ಎರಡೂ ಬದಿಯ ಬೆಟ್ಟಗಳಲ್ಲಿ ಇಂದು ಕಾಣಸಿಗುತ್ತದೆ. ಹವೆ ಈಗಿನದಕ್ಕಿಂತ ತಂಪಾಗಿ, ತೇವದ ಕಾಡು ಇನ್ನೂ ಕೆಳಗಿನವರೆಗೆ ಹಬ್ಬಿದ್ದ ಕಾಲದಲ್ಲಿ ಅದರ ಪೂರ್ವಜರು ದಾಟಿರಬೇಕು, ಕಾಡು ಮತ್ತೆ ಮೇಲಕ್ಕೆ ಸರಿದಾಗ ಹುಳುವೂ ಅದರ ಜೊತೆ ಮೇಲೆಯೇ ಉಳಿದಿರಬೇಕು ಎಂಬುದು ನನ್ನ ತರ್ಕ.

ದ್ವೀಪದಂತಿರುವ ಬೆಟ್ಟಗಳಲ್ಲಿ ಜೀವಿಗಳು ಒಂದರಿಂದ ಇನ್ನೊಂದು ಬೇರ್ಪಟ್ಟು ತಮ್ಮ ಪಾಡಿಗೆ ಬದಲಾಗುತ್ತ ಹೋಗುತ್ತವೆ. ಪಶ್ಚಿಮಘಟ್ಟದಲ್ಲಿ ಈವರೆಗೆ ಗುರುತಿಸಿದ ನೆಲದ ಬಸವನಹುಳುಗಳ ಪ್ರಭೇದಗಳು ಸುಮಾರು 270, ಅವುಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದವು. ನಮ್ಮಲ್ಲಿ ಹುಲಿಗೂ ಆನೆಗೂ ಸಿಕ್ಕಿದ ಮರ್ಯಾದೆಯ ನೂರರಲ್ಲೊಂದು ಪಾಲು ಈ ಪಟ್ಟಿಗೆ ಸಿಕ್ಕಿಲ್ಲ.

ಹೋಲಿಕೆಗೆ ಅಮೆರಿಕದ ಪಶ್ಚಿಮದ ಬೆಟ್ಟಗಳ ಒಂದು ಕುಲವನ್ನು ನೋಡಬಹುದು. ಅದರ ಹೆಸರು ಒರಿಯೋಹೀಲಿಕ್ಸ್. ಗ್ರೀಕಿನಲ್ಲಿ ‘ಒರೋಸ್’ ಎಂದರೆ ಬೆಟ್ಟ, ಅಂದರೆ ಬೆಟ್ಟದ ಹೀಲಿಕ್ಸ್. ಹೆನ್ರಿ ಪಿಲ್ಸ್‌ಬ್ರಿ ಎಂಬ ಅಮೆರಿಕನ್ ತಜ್ಞ 1904ರಲ್ಲಿ ಈ ಕುಲವನ್ನು ಗುರುತಿಸಿದ. ರಾಕಿ ಪರ್ವತಗಳ ಸುತ್ತ ಅದರ ಪ್ರಭೇದಗಳು ಹತ್ತಾರು ಇವೆ, ಕೆಲವಂತೂ ಒಂದೇ ಕಣಿವೆಗೆ, ಒಂದೇ ಗುಡ್ಡಕ್ಕೆ ಸೀಮಿತ. ಇಂಡ್ರೆಲ್ಲಾದ ಕತೆಗೆ ಇದು ತಿರುವುಮುರುವು. ಅಲ್ಲಿ ಸುಣ್ಣಕಲ್ಲಿನ ಬಂಡೆಗಳು ಹೇರಳ, ಆದ್ದರಿಂದ ಚಿಪ್ಪು ಗಟ್ಟಿ, ಕೆಲವದರಲ್ಲಿ ಏಣು ಏಣಾದ ಅಲಂಕಾರವೂ ಇದೆ. ಆದರೆ ಹವೆ ಒಣ, ಚಳಿ ಕಠಿಣ. ಹುಳುಗಳು ಮೊಟ್ಟೆಯನ್ನು ಹೊರಗಿನ ಒಣಮಣ್ಣಿಗೆ ಒಪ್ಪಿಸುವುದಿಲ್ಲ, ಮೈಯೊಳಗೇ ಇಟ್ಟುಕೊಂಡು ಪುಟ್ಟ ಚಿಪ್ಪಿನ ಸಮೇತ ಮರಿಗಳನ್ನೇ ಹೊರಹಾಕುತ್ತವೆ. ಸುಣ್ಣವಿದ್ದು ನೀರಿಲ್ಲದ ಬೆಟ್ಟದಲ್ಲಿ ಒಂದು ರೀತಿ, ನೀರಿದ್ದು ಸುಣ್ಣವಿಲ್ಲದ ಬೆಟ್ಟದಲ್ಲಿ ಇನ್ನೊಂದು ರೀತಿ. ಒಣ ಕಣಿವೆಗಳಿಂದ ತುಂಡುತುಂಡಾದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಒರಿಯೋಹೀಲಿಕ್ಸ್ ಹತ್ತಾರು ಪ್ರಭೇದಗಳಾಗಿ ಒಡೆದದ್ದು ಆಶ್ಚರ್ಯವಲ್ಲ. ಇಂಡ್ರೆಲ್ಲಾ ಒಡೆಯದೆ ಒಂದೇ ಆಗಿ ಉಳಿದದ್ದು ಹೆಚ್ಚು ಆಶ್ಚರ್ಯ.

ಒಂದೇ ಆದರೂ ಒಂದೇ ಬಣ್ಣವಲ್ಲ. ನಾನು ನೋಡಿದ್ದು ಕೆಂಪು. ಕಿತ್ತಳೆ, ಹಳದಿ, ಮಾಸಲು ಬಣ್ಣದ ಮೈಯವೂ ಇವೆ. ಒಂದೇ ಪ್ರಭೇದದಲ್ಲಿ ಹೀಗೆ ಹಲವು ಬಣ್ಣಗಳಿರುವುದು ಬಸವನಹುಳುಗಳ ಲೋಕದಲ್ಲಿ ಹೊಸದಲ್ಲ. ಯುರೋಪಿನ ಸೆಪಿಯಾ ಎಂಬ ಹುಳುವಿನ ಚಿಪ್ಪಿನ ಬಣ್ಣ ಮತ್ತು ಪಟ್ಟೆಗಳು ವಂಶವಾಹಿಗಳಿಂದ ಬರುತ್ತವೆ ಎಂಬುದನ್ನೂ, ಹಿನ್ನೆಲೆಗೆ ಹೊಂದದ ಬಣ್ಣದವನ್ನು ಹಕ್ಕಿಗಳು ಹೆಚ್ಚು ಹಿಡಿಯುತ್ತವೆ ಎಂಬುದನ್ನೂ 1950ರ ದಶಕದಲ್ಲಿಯೇ ತೋರಿಸಿದ್ದಾರೆ. ಕುಂಕುಮದಂತೆ ಎದ್ದು ಕಾಣುವ ಮೈಗೆ ಆ ವಿವರಣೆ ನೇರವಾಗಿ ಹೊಂದುವುದಿಲ್ಲ. ಬಣ್ಣ ನೋಡಿ ಅದನ್ನು ವಿಷದ ಹುಳುವೆಂದು ಹೆದರಿ ಹೊಡೆದು ಹಾಕುವವರಿದ್ದಾರೆ, ಅದಕ್ಕೆ ಯಾವ ಆಧಾರವೂ ಇಲ್ಲ.

ಇನ್ನು ಬೆನ್ಸನ್‌ನ ಬಗ್ಗೆ ನಾನು ಅರ್ಧಕ್ಕೇ ಬಿಟ್ಟ ಮಾತೊಂದಿದೆ. ಇಂಡ್ರೆಲ್ಲಾಕ್ಕೆ ಪ್ರಭೇದದ ಹೆಸರು ಕೊಡುವುದಕ್ಕೆ ಮೂರು ವರ್ಷ ಮೊದಲು, 1847ರಲ್ಲಿ, ಇದೇ ಬೆನ್ಸನ್ ಮಾರಿಷಸ್‌ನಿಂದ ಜೀವಂತ ಆಫ್ರಿಕನ್ ಬಸವನಹುಳುಗಳನ್ನು ತಂದ, ಅವು ಕಲ್ಕತ್ತೆಯ ಚೌರಂಗಿಯ ಒಂದು ತೋಟವನ್ನು ಸೇರಿದವು. ಭಾರತದಲ್ಲಿ ಅವುಗಳ ವಂಶ ಶುರುವಾದದ್ದು ಅಲ್ಲಿಂದ. ಅಂದರೆ ನಮ್ಮ ಘಟ್ಟದ ಅತ್ಯಂತ ಚೆಲುವಾದ ಹುಳುವನ್ನು ವಿಜ್ಞಾನಕ್ಕೆ ಪರಿಚಯಿಸಿದವನೂ, ನಮ್ಮ ಬಾಳೆ ತಿನ್ನುವ ಹುಳುವನ್ನು ದೇಶಕ್ಕೆ ತಂದವನೂ ಒಬ್ಬನೇ. ಚಿಪ್ಪಿನ ಮೇಲಿನ ಪ್ರೀತಿಯಿಂದಲೇ ಎರಡನ್ನೂ ಮಾಡಿದ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಲಿಸ್ಸಾಕಟಿನಾ ಎಂಬ ಕುಲಕ್ಕೆ ಸೇರಿದ ಈ ಆಫ್ರಿಕನ್ ಹುಳು ಇಂಡ್ರೆಲ್ಲಾಕ್ಕೆ ಎಲ್ಲ ವಿಧದಲ್ಲೂ ವಿರುದ್ಧ. ಮೂಲ ಪೂರ್ವ ಆಫ್ರಿಕ. ಒಂದೊಂದು ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಅಂಗಗಳಿರುವುದು ನೆಲದ ಬಸವನಹುಳುಗಳಲ್ಲಿ ಸಾಮಾನ್ಯವೇ, ಇಂಡ್ರೆಲ್ಲಾದಲ್ಲೂ ಹಾಗೆಯೇ. ಆದರೆ ಆಫ್ರಿಕನ್ ಹುಳು ಒಂದು ಸಲಕ್ಕೆ ನೂರಕ್ಕಿಂತ ಹೆಚ್ಚು, ಕೆಲವೊಮ್ಮೆ ನಾಲ್ಕುನೂರರವರೆಗೂ ಮೊಟ್ಟೆಯಿಡುತ್ತದೆ, ವರ್ಷದಲ್ಲಿ ಹಲವು ಸಲ ಇಡುತ್ತದೆ. ಐನೂರಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನುತ್ತದೆ. ಸಿಮೆಂಟಿನ ಗೋಡೆಯಿಂದಲೂ ಸುಣ್ಣ ಕೆರೆದುಕೊಳ್ಳುತ್ತದೆ, ಆದ್ದರಿಂದ ನಮ್ಮ ಮಣ್ಣಿನ ಬಡತನ ಅದನ್ನು ಬಾಧಿಸುವುದಿಲ್ಲ. ಬಯಲು ಎಂಬ ಸಮುದ್ರವನ್ನು ಅದು ತೆವಳಿ ದಾಟಬೇಕಾಗಿಯೂ ಇಲ್ಲ. ನರ್ಸರಿಯ ಗಿಡದ ಬುಡದ ಮಣ್ಣಿನಲ್ಲಿ, ಲಾರಿಯಲ್ಲಿ ಬಂದ ಮರದ ದಿಮ್ಮಿಯ ತೊಗಟೆಯಲ್ಲಿ ಕೂತು ಊರಿಂದೂರಿಗೆ ಹೋಗುತ್ತದೆ. ಇಲಿಯ ಶ್ವಾಸಕೋಶದಲ್ಲಿ ಬದುಕುವ ಒಂದು ಪರಾವಲಂಬಿ ಹುಳದ ಮರಿಗಳು ಇದರ ಮೈಯಲ್ಲಿ ಇರಬಹುದು. ಅವು ಮನುಷ್ಯರ ದೇಹ ಸೇರಿದರೆ ಮೆದುಳಿನ ಪೊರೆಯ ಉರಿಯೂತಕ್ಕೆ ಕಾರಣವಾಗಬಲ್ಲವು. ಆದ್ದರಿಂದ ಇದನ್ನು ಬರಿಗೈಯಲ್ಲಿ ಹೆಕ್ಕಬಾರದು, ಹೆಕ್ಕಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು, ತೋಟದ ಸೊಪ್ಪನ್ನು ಹಸಿಯಾಗಿ ತಿನ್ನುವುದಿದ್ದರೆ ಚೆನ್ನಾಗಿ ತೊಳೆಯಬೇಕು.

ಹೆಕ್ಕಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಹೆಕ್ಕುವುದಕ್ಕೆ ಬೇಸರವಾಗಿ ವಿಷ ಎರಚಲು ಹೊರಟಾಗ. ಮೆಟಾಲ್ಡಿಹೈಡ್ ಗುಳಿಗೆಗೆ ಯಾವ ಬಸವನಹುಳು ಯಾವ ಕುಲದ್ದು ಎಂದು ಗೊತ್ತಾಗುವುದಿಲ್ಲ, ಬಂದವರೆಲ್ಲರಿಗೂ ಅದು ಒಂದೇ ಊಟ ಬಡಿಸುತ್ತದೆ, ತಿಂದ ನಾಯಿಗೂ ಅಪಾಯ. ಮೈಲುತುತ್ತಿನಲ್ಲಿರುವ ತಾಮ್ರವೂ ಹಾಗೆಯೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಬಸವನಹುಳುವಿನ ಮೈಕಟ್ಟುವ ವಸ್ತುವೂ ಅದನ್ನು ಕೊಲ್ಲುವ ವಸ್ತುವೂ ಒಂದೇ ಪೀಪಾಯಿಯಲ್ಲಿರುವುದು ವಿಚಿತ್ರ. ಅಡಿಕೆ ಗೊನೆಗೆ ಅದು ಬೇಕು, ಬಿಡಲಾಗದು. ಹುಳುವಿನ ನೆಪದಲ್ಲಿ ನೆಲಕ್ಕೂ ಸುರಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಎಣ್ಮಕಜೆ, ಬೆಳ್ಳೂರಿನ ಗುಡ್ಡಗಳ ಗೇರುತೋಪುಗಳಿಗೆ ಸುಮಾರು ಎರಡು ದಶಕ ಕಾಲ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರಿನವರಿಗೆ, ಗುರಿಯಿಟ್ಟ ಕೀಟದ ಹತ್ತಿರ ವಿಷ ನಿಲ್ಲುವುದಿಲ್ಲ ಎಂದು ನಾನು ಹೇಳಿಕೊಡಬೇಕಾಗಿಲ್ಲ.

ಕತ್ತಲೆಯಲ್ಲಿ ಗುರುತು ಹಿಡಿಯುವುದು ಅಷ್ಟು ಕಷ್ಟವೂ ಅಲ್ಲ. ಬೆಳೆದ ಆಫ್ರಿಕನ್ ಹುಳುವಿನ ಚಿಪ್ಪು ಅಗಲಕ್ಕಿಂತ ಉದ್ದ ಹೆಚ್ಚಿರುವ ಚೂಪು ಗೋಪುರ, ಅದರ ಮೇಲೆ ಮಾಸಲು ಹಳದಿಯ ನಡುವೆ ಕಂದುಬಣ್ಣದ ಅಡ್ಡಾದಿಡ್ಡಿ ಗೀರುಗಳು. ಚಿಪ್ಪು ದುಂಡಗೆ ಅಥವಾ ಚಪ್ಪಟೆಯಾಗಿದ್ದರೆ, ಬಾಯಿಗೆ ಮುಚ್ಚಳವಿದ್ದರೆ, ತುದಿ ಮೇಲೆ ಮಾಡಿ ಹಿಡಿದಾಗ ಬಾಯಿ ಎಡಕ್ಕೆ ಬಂದರೆ, ಅದು ಆಫ್ರಿಕನ್ ಅಲ್ಲ. ಮರಿಗಳಲ್ಲಿ ಮಾತ್ರ ಸ್ವಲ್ಪ ಗೊಂದಲವಾಗುತ್ತದೆ, ಯಾಕೆಂದರೆ ಆಫ್ರಿಕನ್ ಮರಿಯ ಚಿಪ್ಪೂ ಮೊದಮೊದಲು ದುಂಡಗೇ ಇರುತ್ತದೆ. ಉಪ್ಪುನೀರಿಗೆ ಹಾಕಿದ ಹುಳುಗಳನ್ನು ಆಮೇಲೆ ಗುಂಡಿಯಲ್ಲಿ ಹೂಳುವುದು ಒಳ್ಳೆಯದು, ಆದರೆ ಆ ನೀರನ್ನು ಅಡಿಕೆಯ ಬುಡಕ್ಕೆ ಚೆಲ್ಲಬಾರದು.

ಆ ರಾತ್ರಿ ಸುರಂಗದ ಬಾಯಿಯ ಹುಳುವನ್ನು ಅದಿದ್ದ ಮುರಕಲ್ಲಿನ ಮೇಲೆಯೇ ಇಟ್ಟು ನಾವು ಮುಂದೆ ಹೋದೆವು. ತಿರುಗಿ ಬರುವಾಗ ಮುಚ್ಚಳ ತೆರೆದು ಅದು ಒಂದು ಗೇಣಿನಷ್ಟು ಮೇಲೆ ಹತ್ತಿತ್ತು. ಈ ವರ್ಷ ಮಾವನ ಬಕೆಟ್ಟಿನ ಜೊತೆ ಒಂದು ತೆಂಗಿನ ಗೆರಟೆಯೂ ಇದೆ. ಸಂಶಯ ಬಂದ ಹುಳುವನ್ನು ಅದರಲ್ಲಿ ಹಾಕಿ ಇನ್ನೊಂದು ಗೆರಟೆ ಮುಚ್ಚಿ ಜಗಲಿಯಲ್ಲಿಡುತ್ತಾರೆ, ಬೆಳಗ್ಗೆ ಕಾಫಿ ಕುಡಿದ ಮೇಲೆ ಬೆಳಕಿನಲ್ಲಿ ತಿರುಗಿಸಿ ನೋಡಿ ತೀರ್ಮಾನ ಮಾಡುತ್ತಾರೆ.